ಬಾಯಾರಿಕೆಗೆ ಒಂದು ಅಂಕ ಕಡಿತ

ಮುಂದೆ ಕುದುರೆಗಾಡಿ, ಹಿಂದೆ ನಮ್ಮ ಕಾರು. ಹೋದ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಸೀಮೆಯ ರಸ್ತೆಯಲ್ಲಿ ಹೀಗೆ ಹತ್ತು ನಿಮಿಷ ತೆವಳಿಕೊಂಡು ಹೋದೆವು. ಗಾಡಿಯಲ್ಲಿ ಹುಲ್ಲಿನ ಹ್ಯಾಟು ಹಾಕಿದ ಗಡ್ಡದ ಯಜಮಾನರು, ಪಕ್ಕದಲ್ಲಿ ಬಿಳಿ ಕುಲಾವಿ ಕಟ್ಟಿಕೊಂಡ ಮನೆಯಾಕೆ. ‘ಆಮಿಶ್ ಜನ ಮಾಮ, ಹಾರ್ನ್ ಹೊಡೆಯೋ ಹಾಗಿಲ್ಲ’ ಎಂದ ಅಕ್ಕನ ಮಗ. ಹೆಸರು ಕೇಳಿ ನಗು ಬಂತು. ವಿದ್ಯುತ್ತು, ಕಾರು, ಟಿ.ವಿ. ಎಂಬ ಆಮಿಷಗಳಿಗೆಲ್ಲ ಬೆನ್ನು ತಿರುಗಿಸಿ ಕೂತವರಿಗೆ ಆಮಿಶ್ ಎಂಬ ಹೆಸರು! ಇವರು ಸೈನ್ಯಕ್ಕೆ ಸೇರುವವರಲ್ಲ. ಹೊಡೆದವನಿಗೆ ತಿರುಗಿ ಹೊಡೆಯುವುದೂ ಇವರ ಧರ್ಮದಲ್ಲಿ ಇಲ್ಲ. ಹದಿನೆಂಟನೇ ಶತಮಾನದಿಂದ ಆ ನೆಲದಲ್ಲಿ ಜೋಳ ಬೆಳೆದುಕೊಂಡು, ಹಸು ಕಟ್ಟಿಕೊಂಡು ಇದ್ದಾರೆ.

ಇಂಥವರ ಸೀಮೆಗೆ ನಾವು ಹೊರಟಿದ್ದದ್ದು ಯುದ್ಧ ಮಾಡಲಿಕ್ಕೆ.

ಅದರ ಹೆಸರು ಹಿಸ್ಟಾರಿಕಾನ್. ಹಿಸ್ಟಾರಿಕಲ್ ಮಿನಿಯೇಚರ್ಸ್ ಗೇಮಿಂಗ್ ಸೊಸೈಟಿ ಎಂಬ ಸಂಘದವರು ವರ್ಷಕ್ಕೊಮ್ಮೆ ನಡೆಸುವ ಮೇಳ. ಒಂದಂಗುಲ, ಒಂದೂಕಾಲು ಅಂಗುಲ ಎತ್ತರದ ಸಿಪಾಯಿ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ, ಹಳೆಯ ಯುದ್ಧಗಳನ್ನು ಮತ್ತೆ ಆಡುವವರ ಜಾತ್ರೆ ಇದು. ಜಾತ್ರೆ ಎಂದದ್ದು ಉಪಚಾರಕ್ಕಲ್ಲ. ಸಾಮಾನು ಮಾರುವ ಮಳಿಗೆಗಳಿವೆ. ಹಳೆ ಗೊಂಬೆಗಳನ್ನು ಕೊಟ್ಟು ಕೊಳ್ಳುವ ಸಂತೆಗೆ ‘ವಾಲೀಸ್ ಬೇಸ್‌ಮೆಂಟ್’ ಎಂದು ಹೆಸರು. ಅಲ್ಲಿ ಚೌಕಾಸಿಯೂ ಉಂಟು, ‘ಹೆಂಡತಿಗೆ ಹೇಳಬೇಡ’ ಎಂಬ ಪಿಸುಮಾತೂ ಉಂಟು. ಗೊಂಬೆಗೆ ಬಣ್ಣ ಹಚ್ಚುವುದನ್ನು ಕಲಿಸುವ ತರಗತಿಗಳಿಗೆ ‘ಹಾಬಿ ಯೂನಿವರ್ಸಿಟಿ’ ಎನ್ನುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ರಿಟೈರಾದ ನನಗೆ ಆ ವಿಶ್ವವಿದ್ಯಾಲಯದಲ್ಲಿ ಒಂದು ಸಿಪಾಯಿಯ ಕೋಟಿನ ಗುಂಡಿಗೆ ಹಳದಿ ಚುಕ್ಕೆ ಇಡಲು ಬರಲಿಲ್ಲ. ಕೈ ನಡುಗಿ ಚುಕ್ಕೆ ಗಲ್ಲದ ಮೇಲೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಹತ್ತು ವರ್ಷದ ಹುಡುಗಿ ಕನಿಕರದಿಂದ ನೋಡಿದಳು.

ಸಭಾಂಗಣದ ಒಳಗೆ ಕಾಲಿಟ್ಟರೆ ನೂರಾರು ಮೇಜು. ಒಂದು ಮೇಜಿನಲ್ಲಿ ನೆಪೋಲಿಯನ್ನನ ಕುದುರೆ ದಂಡು, ಪಕ್ಕದ್ದರಲ್ಲಿ ಸ್ಟಾಲಿನ್‌ಗ್ರಾಡಿನ ಮುರಿದ ಗೋಡೆಗಳು. ಕಾಲ ದೇಶ ಎರಡಕ್ಕೂ ಅಲ್ಲಿ ಬೆಲೆಯಿಲ್ಲ. ನಡುಹಾದಿಯಲ್ಲಿ ನಿಂತು ಎಡಕ್ಕೆ ತಿರುಗಿದರೆ ರೋಮ್, ಬಲಕ್ಕೆ ತಿರುಗಿದರೆ ವಿಯೆಟ್ನಾಂ. ಇಷ್ಟು ಯುದ್ಧ ಒಟ್ಟಿಗೆ ನಡೆಯುತ್ತಿದ್ದರೂ ಗದ್ದಲ ನಮ್ಮ ಮದುವೆ ಛತ್ರದ ಊಟದ ಹಾಲಿಗಿಂತ ಕಡಿಮೆ. ಕೇಳುವುದು ದಾಳದ ಕಟಕಟ, ಟೇಪು ಒಳಕ್ಕೆ ಸರ್ರನೆ ಜಾರುವ ಸದ್ದು, ಆಗಾಗ ‘ಅಯ್ಯೋ’ ಎಂಬರ್ಥದ ಒಂದು ಉದ್ಗಾರ. ಆಡುವವರಲ್ಲಿ ಮುಕ್ಕಾಲು ಪಾಲು ಗಂಡಸರು, ಬಹುಪಾಲು ನನ್ನ ಹಾಗೆ ತಲೆ ನರೆತವರು.

ಮಳಿಗೆಗಳ ಸಾಲಿನಲ್ಲಿ ಅಕ್ಕನ ಮಗ ಕೇಳಿದ: ‘ಟಿಪ್ಪು ಸುಲ್ತಾನನ ಹುಲಿಪಟ್ಟೆ ಅಂಗಿ ಸಿಪಾಯಿಗಳನ್ನೂ ಎರಕ ಹೊಯ್ದು ಮಾರೋರಿದಾರೆ ಮಾಮ, 1799ರ ಶ್ರೀರಂಗಪಟ್ಟಣ ಯಾರಾದರೂ ಮೇಜಿಗೆ ತಂದ್ರೆ ನೀವು ಯಾವ ಕಡೆ ಆಡ್ತೀರಿ?’ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆಟ ಎಂದರೆ ಯಾರಾದರೂ ಒಬ್ಬರು ಇಂಗ್ಲಿಷರ ಕಡೆಯೂ ಕೂರಲೇಬೇಕಲ್ಲ. ಎದುರಿಗೆ ಕೂರುವ ಆ ಪುಣ್ಯಾತ್ಮನಿಲ್ಲದೆ ಟಿಪ್ಪುವೂ ಆಡಲಾರ.

ಆ ಪುಣ್ಯಾತ್ಮನ ಪಾತ್ರ ಅರ್ಧ ಗಂಟೆಯೊಳಗೆ ನನ್ನ ತಲೆಗೇ ಬಂತು, ಬೇರೊಂದು ಯುದ್ಧದಲ್ಲಿ.

ಅಕ್ಕನ ಮಗ ನಮ್ಮಿಬ್ಬರ ಹೆಸರು ಬರೆಸಿದ್ದು ಗೆಟಿಸ್‌ಬರ್ಗ್ ಆಟಕ್ಕೆ. 1863ರ ಜುಲೈ 1, 2, 3, ಮೂರು ದಿನ. ಅಮೆರಿಕದ ಅಂತರ್ಯುದ್ಧದಲ್ಲೇ ಅತಿ ಹೆಚ್ಚು ರಕ್ತ ಹರಿದ ಕಾಳಗ. ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರು ಸೇರಿ ಸುಮಾರು 50,000. ಆ ಊರು ಲ್ಯಾಂಕಾಸ್ಟರಿನಿಂದ ಒಂದೂಕಾಲು ಗಂಟೆ ದಾರಿ. ನಮ್ಮ ಮೇಜಿನ ಮೇಲಿದ್ದದ್ದು ಎರಡನೆಯ ದಿನದ ಸಂಜೆ, ಲಿಟಲ್ ರೌಂಡ್ ಟಾಪ್ ಎಂಬ ಬಂಡೆಗುಡ್ಡದ ಒಂದು ಮೂಲೆ. ಗುಡ್ಡದ ಮೇಲೆ ಉತ್ತರದವರ ಸಾಲಿನ ಕಟ್ಟಕಡೆಯ ಎಡತುದಿಯಲ್ಲಿ 20ನೇ ಮೇನ್ ರೆಜಿಮೆಂಟು. ಅದರ ಮುಖ್ಯಸ್ಥ ಜೋಶುವಾ ಚೇಂಬರ್ಲಿನ್ ಬೋಡಿನ್ ಕಾಲೇಜಿನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಮೇಷ್ಟ್ರು. ಯುರೋಪಿಗೆ ಹೋಗಿ ಭಾಷೆಗಳನ್ನು ಓದಿಕೊಂಡು ಬರಲು ಕಾಲೇಜಿನವರು ರಜೆ ಕೊಟ್ಟಿದ್ದರೆ ಈತ ಹೋಗಿ ಸೇರಿದ್ದು ಸೈನ್ಯಕ್ಕೆ. ರಜಾ ಅರ್ಜಿಯಲ್ಲಿ ಒಂದು ಬರೆದು ಇನ್ನೊಂದು ಮಾಡುವುದು ಮೇಷ್ಟ್ರುಗಳ ಪೈಕಿ ಹೊಸದಲ್ಲ ಬಿಡಿ. ನನ್ನ ಕುಲದವನಾದ್ದರಿಂದ ಅವನ ಪಾತ್ರ ನನಗೆ ಸಿಗಲಿ ಎಂದುಕೊಂಡೆ. ಚೀಟಿ ಎತ್ತಿದಾಗ ಸಿಕ್ಕಿದ್ದು ಗುಡ್ಡ ಹತ್ತಿ ಅವನ ಮೇಲೆ ಬೀಳಬೇಕಾದ ದಕ್ಷಿಣದವರ 15ನೇ ಅಲಬಾಮಾ, ಕರ್ನಲ್ ವಿಲಿಯಂ ಓಟ್ಸ್.

ದಕ್ಷಿಣದವರು ಎಂದರೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲಿಕ್ಕೆ ದೇಶವನ್ನೇ ಒಡೆಯಹೊರಟವರು. ಬೂದು ಕೋಟಿನ ನಲವತ್ತು ಚಿಲ್ಲರೆ ಗೊಂಬೆಗಳನ್ನು ನನ್ನ ಮುಂದೆ ಜೋಡಿಸಿದಾಗ ಮುಟ್ಟಲು ಕೈ ಹಿಂದೆಗೆಯಿತು. ಇದರ ಮೇಲೆ ಇನ್ನೊಂದು ಸಂಗತಿ. ಆ ಮೇಳ ನಡೆಯುತ್ತಿದ್ದ ಲ್ಯಾಂಕಾಸ್ಟರ್ ಕನ್ವೆನ್ಷನ್ ಸೆಂಟರ್ ಕಟ್ಟಡದ ಒಡಲಲ್ಲೇ ಒಂದು ಹಳೆಯ ಇಟ್ಟಿಗೆ ಮನೆಯಿದೆ. ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿನಲ್ಲಿ ಗುಡುಗಿದ ಥ್ಯಾಡಿಯಸ್ ಸ್ಟೀವನ್ಸ್ ಬದುಕಿದ್ದ ಜಾಗ. ಹೊಸ ಕಟ್ಟಡ ಕಟ್ಟುವಾಗ ಅದನ್ನು ಕೆಡವದೆ ಒಳಗೇ ಸೇರಿಸಿಕೊಂಡರು. ಅಲ್ಲಿ ಅಗೆದಾಗ ಸಿಕ್ಕ ಹಳೆಯ ನೀರಿನ ತೊಟ್ಟಿಯಲ್ಲಿ ತಪ್ಪಿಸಿಕೊಂಡು ಬಂದ ಗುಲಾಮರನ್ನು ಅಡಗಿಸಿದ್ದಿರಬಹುದು ಎಂದು ಪುರಾತತ್ವದವರ ಊಹೆ. ಗೆಟಿಸ್‌ಬರ್ಗ್ ಕಾಳಗಕ್ಕೆ ಕೆಲವೇ ದಿನ ಮೊದಲು ದಕ್ಷಿಣದ ಸೈನ್ಯ ಸ್ಟೀವನ್ಸನ ಕಬ್ಬಿಣದ ಕಾರ್ಖಾನೆಯನ್ನು ಹುಡುಕಿಕೊಂಡು ಹೋಗಿ ಸುಟ್ಟಿತ್ತು. ಲ್ಯಾಂಕಾಸ್ಟರಿಗೂ ಬರುತ್ತಿತ್ತು. ನಡುವಿನ ಸಸ್ಕ್ವಿಹಾನಾ ನದಿಯ ಸೇತುವೆಗೆ ಊರಿನ ಕಡೆಯವರೇ ಬೆಂಕಿ ಇಟ್ಟದ್ದರಿಂದ ತಪ್ಪಿತು. ಆಗ ಬರಲಾರದ ಸೈನ್ಯವನ್ನು ಈಗ ಆತನ ಮನೆಯ ಮಗ್ಗುಲಲ್ಲೇ ಮೇಜಿನ ಮೇಲೆ ನಿಲ್ಲಿಸಿ, ಮೈಸೂರಿನ ಕನ್ನಡ ಮೇಷ್ಟ್ರೊಬ್ಬ ನಡೆಸಬೇಕು.

ಆಟ ನಡೆಸಿಕೊಡುವವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ನಮ್ಮವರು ನಲವತ್ತು ವರ್ಷ ನಲ್ಲಿ ಕೊಳಾಯಿ ರಿಪೇರಿ ಮಾಡಿ ರಿಟೈರಾದವರು. ಮೇಜು, ಗುಡ್ಡ, ತಂತಿ ಮತ್ತು ಸ್ಪಂಜಿನ ಮರಗಳು, ಮುನ್ನೂರರ ಹತ್ತಿರ ಗೊಂಬೆಗಳು, ಎಲ್ಲವೂ ಅವರ ಕೈಯವೇ. ಒಂದು ಗೊಂಬೆಗೆ ಹತ್ತು ಜನರ ಲೆಕ್ಕ. 20ನೇ ಮೇನ್‌ನಲ್ಲಿ 386 ಜನ ಇದ್ದರಂತೆ, ಅದಕ್ಕೆ 39 ಗೊಂಬೆ. ‘ಲೆಕ್ಕ ಮಾಡಿದರೆ ಉತ್ತರದವರಿಗೆ ನಾಲ್ಕು ಜನ ಹೆಚ್ಚಿಗೆ ಬಂತಲ್ಲ’ ಎಂದೆ. ನಗಲಿಲ್ಲ ಪುಣ್ಯಾತ್ಮ. ‘ಆ ನಾಲ್ಕು ಜನ ನನ್ನನ್ನೂ ಬಹಳ ದಿನದಿಂದ ಕಾಡುತ್ತಿದ್ದಾರೆ’ ಎಂದರು.

ನಿಯಮಗಳು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಸರದಿ ಬಂದಾಗ ಇಂತಿಷ್ಟು ಇಂಚು ನಡೆಸಬಹುದು, ಕಾಡಿನಲ್ಲಿ ಅದರ ಅರ್ಧ. ಬಂದೂಕು ಹಾರಿಸಿದರೆ ಆ ತುಕಡಿಯ ಮುಂದೆ ಒಂದು ಚಿಟಿಕೆ ಹತ್ತಿ ಇಡಬೇಕು, ಅದು ಹೊಗೆ. ನನಗೆ ಅಚ್ಚರಿಯಾದದ್ದು ಬೇರೆ. ಗುಂಡಿಗೆ ಬಿದ್ದು ಮೇಜಿನಿಂದ ಎದ್ದುಹೋಗುವ ಗೊಂಬೆಗಳು ಕಡಿಮೆ. ಹೆದರಿ ಹಿಂದೆ ಸರಿಯುವ ತುಕಡಿಗಳು ಹೆಚ್ಚು. ಪ್ರತಿ ಹೆಜ್ಜೆಗೂ ಧೈರ್ಯದ ಪರೀಕ್ಷೆ. ಹೋಗು ಎಂದು ನಾನು ಹೇಳಿದ ಮಾತ್ರಕ್ಕೆ ಅವರು ಹೋಗುವುದಿಲ್ಲ. ಹತ್ತು ಮುಖದ ದಾಳ ಉರುಳಿಸಿ, ಕೂಡುವುದನ್ನು ಕೂಡಿ ಕಳೆಯುವುದನ್ನು ಕಳೆದು, ಐದು ಮುಟ್ಟಿದರೆ ಮಾತ್ರ ನುಗ್ಗುತ್ತಾರೆ. ಚದುರಂಗದಲ್ಲಿ ಪದಾತಿಗೆ ಭಯವಿಲ್ಲ. ಇಲ್ಲಿ ಅದನ್ನು ನಿಯಮವಾಗಿಯೇ ಬರೆದಿದ್ದಾರೆ.

ಎದುರಿಗಿದ್ದ ಚೇಂಬರ್ಲಿನ್ ಎಪ್ಪತ್ತೈದು ದಾಟಿದ ಅಜ್ಜ. ಕಿವಿಗೆ ಯಂತ್ರ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮೂರನೆಯ ಸರದಿಯಲ್ಲಿ ನಾನು ದಾಳಕ್ಕೆ ಕೈ ಹಾಕಿದ್ದೆ, ಅಜ್ಜ ತಡೆದರು: ‘ನಿಮ್ಮ ಆ ಬಲಗಡೆಯ ಗುಂಪನ್ನು ನಡೆಸುವುದು ಮರೆತಿರಿ. ಆ ಬಂಡೆ ಬಳಸಿಕೊಂಡು ಬಂದರೆ ನನಗೆ ಕಾಣಿಸುವುದಿಲ್ಲ.’ ಶತ್ರುವೇ ಹೇಳಿಕೊಟ್ಟ ದಾರಿಯಲ್ಲಿ ಶತ್ರುವಿನ ಬೆನ್ನಿಗೆ ಬಂದೆ. ಇನ್ನೊಮ್ಮೆ ನಾಲ್ಕು ಇಂಚೋ ನಾಲ್ಕೂಕಾಲೋ ಎಂದು ಇಬ್ಬರಿಗೂ ತಿಳಿಯದಾಯಿತು. ವಾದ ಬೆಳೆಯಲಿಲ್ಲ. ಇಬ್ಬರೂ ಒಂದೊಂದು ದಾಳ ಹಾಕಿದೆವು, ಹೆಚ್ಚು ಬಿದ್ದವರ ಮಾತು ನಿಂತಿತು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳಗಳನ್ನು ನೆನೆದು ನಿಟ್ಟುಸಿರು ಬಿಟ್ಟೆ.

ಗುಡ್ಡಕ್ಕೆ ನುಗ್ಗುವ ಸರದಿ ಈಗ ಬಂತು. ನನ್ನ ಅಲಬಾಮಾದವರು ಗುಡ್ಡದ ಬುಡದಲ್ಲಿ, ಮೇನ್‌ನವರು ಮೇಲೆ ಬಂಡೆಗಳ ಹಿಂದೆ. ದಾಳ ಹಾಕಿದೆ, ಐದು. ಓಟ್ಸ್ ಹತ್ತಿರವೇ ಇದ್ದಾನೆ, ಒಂದು ಕೂಡಿಸಿ: ಆರು. ಏರು ಹತ್ತಬೇಕು, ಒಂದು ಕಳೆಯಿರಿ: ಐದು. ಗೆದ್ದೆ ಎಂದು ಗೊಂಬೆಗಳಿಗೆ ಕೈ ಹಾಕುವಷ್ಟರಲ್ಲಿ ಗೇಮ್ ಮಾಸ್ಟರ್ ಬೆರಳೆತ್ತಿದರು.

‘ಬಾಯಾರಿಕೆ. ಇನ್ನೊಂದು ಕಳೆಯಿರಿ.’

ನಾಲ್ಕು. ಗರ ಬಿದ್ದೂ ಬೀಳಲಿಲ್ಲ. ನನ್ನವರು ನಿಂತಲ್ಲೇ ನಿಂತರು.

ನನಗೆ ಸ್ವಲ್ಪ ರೇಗಿತು. ಇದೆಂಥ ನಿಯಮ? ಬಾಯಾರಿಕೆಯಂತೆ, ಒಂದು ಅಂಕವಂತೆ. ಆಗ ಅವರು ಮೇಜಿನ ಅಂಚಿಗೆ ಒರಗಿ ಹೇಳಿದರು. ಆ ದಿನ ಅಲಬಾಮಾದವರು ಬೆಳಗಿನ ಜಾವದಿಂದ ಇಪ್ಪತ್ತಕ್ಕೂ ಹೆಚ್ಚು ಮೈಲಿ ನಡೆದು ಬಂದಿದ್ದರು. ಜುಲೈ ಬಿಸಿಲು, ಮೈಮೇಲೆ ದಪ್ಪ ಬಟ್ಟೆ. ದಾಳಿಗೆ ಮೊದಲು ಓಟ್ಸ್ ತನ್ನ ರೆಜಿಮೆಂಟಿನ 22 ಜನರನ್ನು ಆರಿಸಿ, ಎಲ್ಲರ ನೀರಿನ ಬುರುಡೆಗಳನ್ನು ಅವರ ಕೊರಳಿಗೆ ಹಾಕಿ, ತುಂಬಿಸಿಕೊಂಡು ಬನ್ನಿ ಎಂದು ಕಳಿಸಿದ. ಅವರು ಹೋದರು. ಅಷ್ಟರಲ್ಲಿ ಮುನ್ನಡೆಯಿರಿ ಎಂಬ ಆಜ್ಞೆ ಬಂತು, ಕಾಯಲು ಬಿಡಲಿಲ್ಲ. ಬುರುಡೆ ತುಂಬಿಕೊಂಡು ಬಂದ 22 ಜನ ತಮ್ಮವರನ್ನು ಹುಡುಕುತ್ತ ಹುಡುಕುತ್ತ ನೇರವಾಗಿ ಶತ್ರುಗಳ ಸಾಲಿನೊಳಕ್ಕೇ ನಡೆದು ಸೆರೆಸಿಕ್ಕರು. ಇತ್ತ ರೆಜಿಮೆಂಟು ಮೊದಲು ಪಕ್ಕದ ದೊಡ್ಡ ಗುಡ್ಡ ಹತ್ತಿತು. ನೀರಿಲ್ಲದೆ ಕೆಲವರು ಅಲ್ಲಿಯೇ ಪ್ರಜ್ಞೆ ತಪ್ಪಿ ಬಿದ್ದರು. ಉಳಿದವರು ಇಳಿದು ಬಂದು ಚಿಕ್ಕ ಗುಡ್ಡವನ್ನು ಮತ್ತೆ ಮತ್ತೆ ಹತ್ತಿದರು. ಓಟ್ಸನ ತಮ್ಮ ಜಾನ್ ಅಲ್ಲಿ ಗುಂಡು ತಿಂದ. ಹಿಮ್ಮೆಟ್ಟುವಾಗ ಅವನನ್ನು ಎತ್ತಿಕೊಂಡು ಹೋಗಲಾಗಲಿಲ್ಲ. ಶತ್ರುಗಳ ಆರೈಕೆಯಲ್ಲಿ ಇದ್ದು ಅದೇ ತಿಂಗಳು ಸತ್ತ.

‘ಅದೇ ಈ ಒಂದು ಅಂಕ’ ಎಂದರು.

ಆ ಒಂದು ಅಂಕ ನನಗೆ ಇನ್ನೂ ಜೀರ್ಣವಾಗಿಲ್ಲ. ಅಷ್ಟು ಜನರ ಒಣಗಿದ ನಾಲಿಗೆ ಒಂದು ಕಳೆಯುವ ಲೆಕ್ಕವಾಯಿತಲ್ಲ ಎಂಬ ಕಸಿವಿಸಿ ಒಂದು ಕಡೆ. ಆ ಲೆಕ್ಕ ಇಲ್ಲದಿದ್ದರೆ ಆ 22 ಜನ ನೀರು ತರಲು ಹೋದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ ಎಂಬುದು ಇನ್ನೊಂದು ಕಡೆ. ಗೆಟಿಸ್‌ಬರ್ಗ್ ಬಗ್ಗೆ ನಾನೂ ಓದಿದವನೇ. ಲಿಂಕನ್ ಅಲ್ಲಿ ಮಾಡಿದ ಭಾಷಣವನ್ನು ವರ್ಷ ವರ್ಷ ತರಗತಿಯಲ್ಲಿ ಹೊಗಳಿದವನು. ಬುರುಡೆಗಳ ಕಥೆ ಮಾತ್ರ ನನಗೆ ಸಿಕ್ಕಿದ್ದು ಗೆಲ್ಲಬೇಕೆಂದಿದ್ದ ಆಟದಲ್ಲಿ ಅಡ್ಡ ಬಂದಾಗ. ಅಷ್ಟೇ ಸತ್ಯ ಇನ್ನೊಂದಿದೆ: ಆ ನಿಯಮದ ಪಟ್ಟಿಯನ್ನು ಆಮೇಲೆ ಕೈಗೆತ್ತಿಕೊಂಡು ಎರಡು ಸಲ ಓದಿದೆ. ಏರಿಗೆ, ಕಾಡಿಗೆ, ದಣಿವಿಗೆ, ಬಾಯಾರಿಕೆಗೆ ಅಂಕ ಕಡಿತವಿದೆ. ಗುಲಾಮಗಿರಿಗೆ ಇಲ್ಲ. ಯಾತಕ್ಕಾಗಿ ಹತ್ತುತ್ತಿದ್ದೀರಿ ಎಂದು ಮೇಜು ಕೇಳುವುದಿಲ್ಲ. ಹತ್ತಬಲ್ಲಿರಾ ಎಂದಷ್ಟೇ ಕೇಳುತ್ತದೆ.

ಅದು ಈ ಆಟದ ಹುಟ್ಟುಗುಣವೇ ಇರಬೇಕು. ಪ್ರಶಿಯಾದಲ್ಲಿ ಫಾನ್ ರೈಸ್ವಿಟ್ಸ್ ಎಂಬವರು, ಅಪ್ಪ ಮತ್ತು ಮಗ, ಇದನ್ನು ತಿದ್ದಿ ತೀಡಿದರು. ಅಪ್ಪ 1812ರಲ್ಲಿ ರಾಜನಿಗೆ ಮೇಜಿನಂಥ ಪೆಟ್ಟಿಗೆಯಲ್ಲಿ ಮಾಡಿಕೊಟ್ಟದ್ದನ್ನು ಫಿರಂಗಿದಳದ ಅಧಿಕಾರಿಯಾಗಿದ್ದ ಮಗ 1824ರಲ್ಲಿ ನಕ್ಷೆಯ ಮೇಲೆ ಆಡುವಂತೆ ಮಾಡಿದ. ಗುಂಡಿನ ಗುರಿ ಎಷ್ಟು ಸಲ ತಪ್ಪುತ್ತದೆ ಎಂಬುದನ್ನು ದಾಳದ ಲೆಕ್ಕಕ್ಕೆ ತಂದ. ನೋಡಲು ಬಂದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲು ಉದಾಸೀನದಿಂದ ಕೂತಿದ್ದವನು, ಕೊನೆಗೆ ಇದು ಆಟವೇ ಅಲ್ಲ, ಯುದ್ಧದ ಪಾಠ ಎಂದು ಉದ್ಗರಿಸಿದನಂತೆ. ಸೈನ್ಯಕ್ಕೆಲ್ಲ ಹಂಚಿದರು. ಮಗ ರೈಸ್ವಿಟ್ಸ್ ಮಾತ್ರ ಆ ವೈಭವ ನೋಡಲು ಉಳಿಯಲಿಲ್ಲ. 1827ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಅದೇ ಕಾಲಕ್ಕೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಸಿಂಹಾಸನದ ಮೇಲಿದ್ದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅರಮನೆಯಲ್ಲಿ ಕೂತು ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು, ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ ಮಣೆಯನ್ನೆಲ್ಲ ಸುತ್ತುವ ಬಗೆಗಳನ್ನು ರಚಿಸಿದರು. ಬರ್ಲಿನ್ನಿನ ಆಟ ಮುಂದಿನ ಯುದ್ಧಕ್ಕೆ ತಯಾರಿ. ಮೈಸೂರಿನ ಆಟ ಸೈನ್ಯವನ್ನೇ ಕಳೆದುಕೊಂಡ ರಾಜನ ಹೊತ್ತು. ಲ್ಯಾಂಕಾಸ್ಟರಿನ ಅಜ್ಜಂದಿರು ಎರಡನೆಯವರಿಗೇ ಹತ್ತಿರ ಎಂದು ನನಗೆ ಅನ್ನಿಸಿತು, ಹಾಗೆಂದು ಅವರಿಗೆ ಹೇಳಲಿಲ್ಲ.

ಬರಹಗಾರ ಎಚ್.ಜಿ. ವೆಲ್ಸ್ 1913ರಲ್ಲಿ ಮನೆಯ ನೆಲದ ಮೇಲೆ ಸಿಪಾಯಿ ಗೊಂಬೆಗಳನ್ನು ನಿಲ್ಲಿಸಿ ಆಟದ ಫಿರಂಗಿಯಿಂದ ಹೊಡೆದುರುಳಿಸುವ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದಾಗ, ಮೂರು ನಾಲ್ಕು ಸಲ ಇದನ್ನು ಆಡಿದವರಿಗೆ ನಿಜವಾದ ಯುದ್ಧ ಎಂಥ ಎಡವಟ್ಟು ಎಂದು ತಿಳಿಯುತ್ತದೆ ಎಂದು ನಂಬಿದ್ದ. ಮರುವರ್ಷವೇ ಮಹಾಯುದ್ಧ.

ನಮ್ಮ ಆಟಕ್ಕೆ ಬರೋಣ. ಮತ್ತೆರಡು ಸಲ ಹತ್ತಲು ನೋಡಿದೆ. ಒಮ್ಮೆ ಮೇಲಿನ ಬಂಡೆ ಮುಟ್ಟಿ ಉರುಳಿ ಬಂದೆ. ಅಜ್ಜನ ಕಡೆ ಗುಂಡು ಮುಗಿಯಿತು. ಆಗ ಇತಿಹಾಸದ ಪ್ರಕಾರ ಆಗಬೇಕಾದದ್ದು ಎಲ್ಲರಿಗೂ ಗೊತ್ತು: ಚೇಂಬರ್ಲಿನ್ ಬಂದೂಕಿನ ತುದಿಗೆ ಬಯೊನೆಟ್ಟು ಸಿಕ್ಕಿಸಲು ಹೇಳುತ್ತಾನೆ, ಮೇನ್‌ನವರು ಗುಡ್ಡದಿಂದ ಧುಮುಕುತ್ತಾರೆ, ಅಲಬಾಮಾದವರು ದಿಕ್ಕಾಪಾಲು. ಪಕ್ಕದ ಮೇಜಿನವರೂ ನೋಡಲು ಬಂದು ನಿಂತರು. ಅಜ್ಜ ಕನ್ನಡಕ ಸರಿಮಾಡಿಕೊಂಡು, ದಾಳವನ್ನು ಅಂಗೈಯಲ್ಲಿ ಊದಿ ಹಾಕಿದರು.

ಒಂದು ಬಿತ್ತು.

ಅಂತರ್ಯುದ್ಧದ ಆ ಪ್ರಸಿದ್ಧ ದಾಳಿ ಅವತ್ತು ಹೊರಡಲೇ ಇಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜನೇ. ಅಷ್ಟರಲ್ಲಿ ನಾಲ್ಕು ಗಂಟೆಯ ಅವಧಿ ಮುಗಿದು, ಮುಂದಿನ ಆಟದವರು ಪೆಟ್ಟಿಗೆ ಹಿಡಿದು ಕಾಯುತ್ತಿದ್ದರು. ಗುಡ್ಡ ಉತ್ತರದವರ ಕೈಯಲ್ಲೇ ಇದೆ ಎಂದು ತೀರ್ಮಾನವಾಯಿತು. ಕೈ ಕುಲುಕಿದೆವು. ಗೇಮ್ ಮಾಸ್ಟರ್ ಸತ್ತವರನ್ನೂ ಬದುಕಿದವರನ್ನೂ ಒಂದೊಂದಾಗಿ ಎತ್ತಿ ಸ್ಪಂಜಿನ ಗುಳಿಗಳಲ್ಲಿ ಮಲಗಿಸಿ ಪೆಟ್ಟಿಗೆ ಮುಚ್ಚಿದರು. ಹೊರಡುವಾಗ ನಾನು ಗಲ್ಲಕ್ಕೆ ಹಳದಿ ಬಳಿದಿದ್ದ ಸಿಪಾಯಿಯನ್ನು ತೋರಿಸಿದೆ. ತಿರುಗಿಸಿ ನೋಡಿ, ‘ಕಾಮಾಲೆ. ಸೈನ್ಯದಲ್ಲಿ ಅದೂ ಬಹಳ ಇತ್ತು’ ಎಂದರು.

ಮರುದಿನ ನಿಜವಾದ ಗುಡ್ಡಕ್ಕೆ ಹೋದೆವು. ಮೇಜಿನ ಮೇಲೆ ಒಂಬತ್ತು ಇಂಚಿದ್ದ ಏರು ನನ್ನ ಮಂಡಿಗೆ ಸಾಕೋ ಸಾಕಾಯಿತು. 20ನೇ ಮೇನ್ ನಿಂತಿದ್ದ ಜಾಗದಲ್ಲಿ ಮರಗಳ ನಡುವೆ ಅವರ ಕಲ್ಲು ಇದೆ, ಸತ್ತವರ ಹೆಸರುಗಳನ್ನು ಕೆತ್ತಿದ್ದಾರೆ. ಇಳಿಜಾರಿನ ಕಡೆ 15ನೇ ಅಲಬಾಮಾದ ಕಲ್ಲಿಲ್ಲ. ಓಟ್ಸ್ ಮುದುಕನಾದ ಮೇಲೆ, ತಮ್ಮ ಮತ್ತು ಜೊತೆಗಾರರು ಬಿದ್ದ ಕಡೆ ಒಂದು ಕಲ್ಲು ನಿಲ್ಲಿಸಲು ಅನುಮತಿ ಕೇಳಿಕೊಂಡು ವರ್ಷಗಟ್ಟಲೆ ಪತ್ರ ಬರೆದ. ಎಲ್ಲಿಯವರೆಗೆ ನೀವು ಹತ್ತಿ ಬಂದಿರಿ ಎಂಬ ಬಗ್ಗೆ ಅವನಿಗೂ ಚೇಂಬರ್ಲಿನ್‌ಗೂ ತಕರಾರಾಯಿತು. ಅಷ್ಟು ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ರಾಜ್ಯದಲ್ಲಿ ಗವರ್ನರುಗಳಾಗಿ ಮುಗಿಸಿದ್ದವರು. ಕೆಲವು ಅಡಿಗಳ ಜಗಳ, ದಾಳ ಹಾಕಿ ತೀರಿಸಿಕೊಳ್ಳುವಂಥದ್ದಲ್ಲ. ಕಲ್ಲು ಬರಲೇ ಇಲ್ಲ.

ಬಿಸಿಲು ಚುರುಗುಟ್ಟುತ್ತಿತ್ತು. ಓಟ್ಸನವರು ಹತ್ತಿ ಬಂದ ಕಡೆಗೆ ಮುಖ ಮಾಡಿ ಒಂದು ಬಂಡೆಯ ಮೇಲೆ ಕೂತೆ. ಕೆಳಗೆ ದಟ್ಟ ಮರಗಳು.

‘ನೀರು ತರೋಕೆ ಹೋದೋರು ಯಾವ ಕಡೆ ಹೋದರೋ?’ ಎಂದೆ.

‘ಗೊತ್ತಿಲ್ಲ ಮಾಮ’ ಎಂದ ಅಕ್ಕನ ಮಗ, ಬ್ಯಾಗಿನಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟ.